ಬಾಡೂಟದ ಮೇಲಿನ ಕಣ್ಣು

"ಒಲೆಗೆ ನೀರು ಸುರೀರೋ!" ಆನಂದಪ್ಪ ಹಿತ್ತಿಲಲ್ಲಿ ನಿಂತು ಕಿರುಚಿದ. "ಹೊಗೆ ಕಾಣ್ತದೆ. ಅದು ಬಂತು!"

ಅಡುಗೆಯ ಪಂಚಪ್ಪ ಸೌಟು ಹಿಡಿದುಕೊಂಡೇ ತಲೆ ಎತ್ತಿದ. ಅಲ್ಲಾಳಸಂದ್ರ ಕೆರೆಯ ಮೇಲೆ ಕಪ್ಪನೆಯದೊಂದು ಸುತ್ತುತ್ತಿತ್ತು. ರೆಕ್ಕೆ ಬಡಿಯುತ್ತಿರಲಿಲ್ಲ. ಮೋಟರಿನ ಸದ್ದಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಕಬ್ಬಿಣ ಉಜ್ಜಿದಂಥ ಒಂದು ಕೀರಲು ಕೂಗು, ಅಷ್ಟೇ.

"ಒಲೆ ಆರಿಸಿ ನಿಮ್ ಕೋಪದ ಮೇಲೆ ಬೇಯಿಸ್ಲಾ ಗೌಡ್ರೇ ಬಾಡು?" ಎಂದ ಪಂಚಪ್ಪ.

ತಮಾಷೆಯ ಹೊತ್ತಲ್ಲ ಅದು. ಇವತ್ತು ಮಗಳು ವನಿತಾಳ ಬೀಗರೂಟ. ಇವತ್ತೇ ಯಲಹಂಕದಲ್ಲಿ ವಿಮಾನ ಪ್ರದರ್ಶನವೂ ಶುರು. ಈ ವಾರ ಸುತ್ತಮುತ್ತ ಯಾರೂ ಮಾಂಸ ಕಡಿಯಬಾರದು, ಮಾರಬಾರದು ಎಂದು ಆಟೋಗೆ ಮೈಕು ಕಟ್ಟಿ ಕೂಗಿಸಿದ್ದರು. ಅಷ್ಟರಲ್ಲಿ ಲಗ್ನಪತ್ರಿಕೆ ಹಂಚಿ ಆಗಿತ್ತು. ಯಾಕೆ ಅಂತ ಆನಂದಪ್ಪ ಯಾರನ್ನೂ ಕೇಳಲಿಲ್ಲ. ಕೇಳುವುದೇನು? ಫಾರಿನ್ನಿನವರು ಬರುತ್ತಾರೆ, ಅವರ ಮೂಗಿಗೆ ನಮ್ಮ ಬಾಡಿನ ವಾಸನೆ ಬಡಿಯಬಾರದು. ಅಷ್ಟಕ್ಕೆ ಬೀಗರ ಎಲೆಗೆ ಬೇಳೆಸಾರು ಬಿಟ್ಟು ಕಳಿಸಿದರೆ ಮಗಳು ಆ ಮನೆಯಲ್ಲಿ ಸಾಯುವತನಕ ಚುಚ್ಚುಮಾತು ಕೇಳಬೇಕು. ಅವನು ಪಕ್ಕದ ಸಿಂಗಾಪುರ ಹಳ್ಳಿಯಿಂದ ಕುರಿಗಳನ್ನು ಟೆಂಪೋದಲ್ಲಿ ಹುಲ್ಲು ಮುಚ್ಚಿ ತರಿಸಿದ್ದ.

ಆದರೆ ಒಂದು ವಾರದಿಂದ ಈ ಕಾಟ.

"ದೊಡ್ಡಪ್ಪ, ಅದು ಮಿಲಿಟರಿಯೋರ ಸ್ಟೆಲ್ತ್ ಡ್ರೋನ್," ಎಂದಿದ್ದ ತಮ್ಮನ ಮಗ ಮುನೇಶ. "ರೇಡಾರ್‌ಗೂ ಸಿಗಲ್ಲ. ಕೀರ್ ಅಂತದಲ್ಲ, ಅದೇ ಸಿಗ್ನಲ್ಲು. ಪಾತ್ರೆ ಒಳಗಿರೋದು ಕುರಿನೋ ಕೋಳಿನೋ ಮೇಲಿಂದ್ಲೇ ಹೇಳ್ಬಿಡ್ತದೆ."

ಟೀ ಅಂಗಡಿಯಲ್ಲಿ ತಲೆಗೊಂದು ಮಾತು. ಗಡಿಯಲ್ಲಿ ಬಾಂಬು ಹಾಕುವುದಕ್ಕೆ ಇಲ್ಲಿ ತಾಲೀಮು ಎಂದರು. ಕೆರೆ ಒತ್ತುವರಿ ಅಳೆಯುವುದಕ್ಕೆ ಎಂದರು. ಆನಂದಪ್ಪನಿಗೆ ಅನುಮಾನವೇ ಇರಲಿಲ್ಲ. ಅದನ್ನು ಬಿಟ್ಟವನ ಹೆಸರೂ ಅವನಿಗೆ ಗೊತ್ತಿತ್ತು.

ಬೀಗರ ಹಿರಿ ಮಗ ಯಶವಂತ. ವನಿತಾಳ ಗಂಡನ ಅಣ್ಣ. ಏರ್‌ಫೋರ್ಸಿನಲ್ಲಿ ಏನೋ ಆಫೀಸರು. ಅಂಥವರು ರೂಮಿನಲ್ಲಿ ಕೂತೇ ಡ್ರೋನ್ ಓಡಿಸುತ್ತಾರೆ ಎಂದು ಮುನೇಶ ಹೇಳಿದ್ದ. ಮೊನ್ನೆ ಆ ಯಶವಂತನೇ ಫೋನು ಮಾಡಿದ್ದ.

"ಮಾವ, ಈ ವಾರ ಬಾಡೂಟ ಬೇಡ. ನನ್ ಮಾತ್ ಕೇಳಿ."

"ಯಾಕಪ್ಪಾ, ನಿಮ್ ಸಾಹೇಬ್ರಿಗೆ ವಾಸನೆ ಆಗಲ್ವಾ?"

"ಹಂಗಲ್ಲ ಮಾವ, ಅದು ಏನಪ್ಪಾ ಅಂದ್ರೆ..."

"ಆಯ್ತು ಬಿಡಪ್ಪ, ಬೇಳೆಸಾರೇ ಮಾಡಿಸ್ತೀನಿ," ಎಂದು ಆನಂದಪ್ಪ ಸುಳ್ಳು ಬಿಟ್ಟಿದ್ದ.

ಅತ್ತ ಕಡೆ ನಗು. "ಹಂಗಾದ್ರೆ ಸರಿ. ಅವತ್ತು ಮಧ್ಯಾಹ್ನ ನಾನು ನಿಮ್ ಮನೆ ಮೇಲೇ ಇರ್ತೀನಿ. ತಲೆ ಎತ್ತಿ ನೋಡಿ ಮಾವ."

ಬೆದರಿಕೆ! ಹೆಣ್ಣು ಕೊಟ್ಟವನಿಗೇ ಬೆದರಿಕೆ! ಆ ಮಾತು ನೆನೆದಾಗಲೆಲ್ಲ ಆನಂದಪ್ಪನಿಗೆ ಅಂಗಾಲಿನಿಂದ ನೆತ್ತಿಗೆ ಉರಿ ಏರುತ್ತಿತ್ತು.

ಶಾಮಿಯಾನದಡಿ ಮೊದಲ ಪಂಕ್ತಿ ಕೂತಿತು. ಬೀಗ ಮುನಿವೆಂಕಟಯ್ಯ ಮುದ್ದೆ ಮುರಿದು, ಬೋಟಿ ಗೊಜ್ಜಿಗೆ ಅದ್ದಿ, ಕಣ್ಣು ಮುಚ್ಚಿ ನುಂಗಿದರು. "ಬೀಗ್ರೇ, ಇದು ಊಟ!" ಆನಂದಪ್ಪನ ಎದೆ ತುಂಬಿತು. ಮರ್ಯಾದೆ ಉಳಿಯಿತು. ಇನ್ನು ಒಂದೆರಡು ತಾಸು ದಾಟಿದರೆ ಸಾಕು.

ಹಿಂದುಗಡೆ ಪಂಚಪ್ಪ ಮೂಳೆ, ಕರುಳು, ಚರ್ಮವನ್ನೆಲ್ಲ ಕೆರೆಯಂಚಿಗೆ ಸುರಿದು ಬಂದ. ಅವನ ಮುಖ ಬಾಡಿತ್ತು.

"ಅಷ್ಟು ಬಿದ್ದದೆ, ಒಂದು ಹದ್ದು ಇಳಿದಿಲ್ಲ ಗೌಡ್ರೇ. ಒಂದು ಕಾಗೆ ಇಲ್ಲ. ನನ್ ಜೀವಮಾನದಾಗೆ ಇಂಗೆ ನೋಡಿಲ್ಲ. ಒಳ್ಳೇದಲ್ಲ ಇದು."

"ಹದ್ದಿಗೂ ಆರ್ಡ್ರು ಆಗೈತೆ ಕಣೋ," ಎಂದು ಆನಂದಪ್ಪ ಗದರಿದ.

ಆಗಲೇ ಅದು ಕೆರೆಯ ಮೇಲಿಂದ ವಾಲಿ ಶಾಮಿಯಾನದತ್ತ ಬಂತು. ಅದರ ನೆರಳು ಎಲೆಗಳ ಸಾಲಿನ ಮೇಲೆ ಹಾದುಹೋಯಿತು. ಕೀರ್ ಎಂದು ಕೂಗಿತು. ಹಿತ್ತಿಲ ಕೋಳಿಗಳು ಮಂಕರಿಯಡಿ ನುಗ್ಗಿದವು.

ಆನಂದಪ್ಪನ ತಾಳ್ಮೆ ಹರಿಯಿತು. ಅಟ್ಟದಿಂದ ಕವಣೆ ಎಳೆದುಕೊಂಡು ತಾರಸಿಗೆ ಓಡಿದ. ಹೊಲ ಸೈಟುಗಳಾಗಿ ಹೋಗಿದ್ದರೂ ಕವಣೆಯನ್ನು ಅವನು ಬಿಸಾಡಿರಲಿಲ್ಲ. ಹುಡುಗನಾಗಿದ್ದಾಗ ಅಟ್ಟಣೆಯ ಮೇಲೆ ನಿಂತು, ತೆನೆಗೆ ಬಂದ ಹಕ್ಕಿಗಳನ್ನು ಕೂಗಿ ಕಲ್ಲು ಬೀಸಿ ಓಡಿಸಿದ ಕೈ ಅದು. ಮೊದಲ ಕಲ್ಲು ತಪ್ಪಿತು. ಎರಡನೆಯದು ಫಟ್ ಎಂದಿತು. ಕಪ್ಪು ರೆಕ್ಕೆ ತಿರುಚಿ, ಬುಗುರಿಯಂತೆ ಸುತ್ತುತ್ತ ಹಿತ್ತಿಲಿನ ಹೊಂಗೆಗೆ ಬಿತ್ತು.

"ಏನ್ ಗುರಿ ದೊಡ್ಡಪ್ಪ!" ಮುನೇಶ ಅದನ್ನು ಎತ್ತಿ ತಂದ. ಹತ್ತಿಯಷ್ಟು ಹಗುರ. ಥರ್ಮಾಕೋಲಿನಂಥ ಮೈ. ಮುಂದೆ ಬಾಗಿದ ಕೊಕ್ಕು ಬರೆದಿತ್ತು, ಪಕ್ಕದಲ್ಲಿ ಎರಡು ಹಳದಿ ಕಣ್ಣು.

"ಕ್ಯಾಮೆರಾ ಕಿತ್ತು ಬಿಸಾಕು ಮೊದ್ಲು."

ಮುನೇಶ ಅದನ್ನು ಬೋರಲು ಹಾಕಿದ. ತಿರುವಿದ. ಮತ್ತೆ ತಿರುವಿದ. ಕ್ಯಾಮೆರಾ ಇರಲಿಲ್ಲ. ಹೊಟ್ಟೆಯಲ್ಲಿ ಒಂದು ಪುಟ್ಟ ಸ್ಪೀಕರು ಮಾತ್ರ. ಅವನ ಕೈಯಲ್ಲೇ ಅದು ಇನ್ನೊಮ್ಮೆ ಕೀರ್ ಎಂದು ಕೂಗಿ ಸುಮ್ಮನಾಯಿತು.

"ದೊಡ್ಡಪ್ಪ," ಎಂದ ಮುನೇಶ, ದನಿ ಇಳಿಸಿ. "ಇದು ನಮ್ಮನ್ ನೋಡಕ್ಕೆ ಬಂದಿದ್ದಲ್ಲ. ವಿಮಾನಕ್ಕೆ ಅಡ್ಡ ಬರದಂಗೆ ಹದ್ದು ಓಡ್ಸೋದು."

ಆನಂದಪ್ಪ ಒಮ್ಮೆ ಅದನ್ನು ನೋಡಿದ, ಒಮ್ಮೆ ತನ್ನ ಕೈಯ ಕವಣೆಯನ್ನು.

"ಬಂದ್ವು ಗೌಡ್ರೇ, ಬಂದ್ವು!" ಹಿತ್ತಿಲಿಂದ ಪಂಚಪ್ಪ ಖುಷಿಯಲ್ಲಿ ಕೂಗಿದ. ಕೆರೆಯಂಚಿಗೆ ಹದ್ದುಗಳು ಇಳಿಯುತ್ತಿದ್ದವು. ಎಲ್ಲಿದ್ದವೋ ಏನೋ, ಹಿಂಡು ಹಿಂಡಾಗಿ, ಮೂಳೆ ಕಚ್ಚಿಕೊಂಡು ಸುತ್ತಿ ಸುತ್ತಿ ಮೇಲೇರಿ, ಮನೆಯ ನೆತ್ತಿಯ ಮೇಲೆ ಕಪ್ಪು ಕಂಬದಂತೆ ನಿಂತವು. ಕೆರೆಯಾಚೆ, ದೂರದಲ್ಲಿ, ನೆಲ ನಡುಗುವಂತೆ ಒಂದು ಎಂಜಿನ್ ಗುಡುಗಿತು.

ಮುನಿವೆಂಕಟಯ್ಯ ಎಂಜಲು ಕೈಯಲ್ಲೇ ಎದ್ದು ಶಾಮಿಯಾನದಿಂದ ಹೊರಗೆ ಓಡಿ ಬಂದರು. "ತಲೆ ಎತ್ತಿ ನೋಡಿ ಬೀಗ್ರೇ! ಯಾರಿಗೂ ಮೊದ್ಲೇ ಹೇಳ್ಬೇಡಿ ಅಂದಿದ್ದ. ಇವತ್ತು ಮೊದಲ್ನೇ ವಿಮಾನ ಓಡಿಸ್ತಿರೋನು ನಮ್ಮ ಯಶವಂತ, ನಿಮ್ ಮನೆ ಮೇಲೇ ಬರ್ತಾನೆ!"