ಬೇಲಿಯ ಒಳಮೈ

ಬೆಳಗ್ಗೆ ಒಂಬತ್ತೂಕಾಲಿಗೆ ಮುದಿ ಬಡಗಿ ತನ್ನ ಮನೆಯ ಮುಂದಿನ ಕೈತೋಟದ ಬೇಲಿಗೆ ಮೊದಲ ಹಲಗೆ ಹೊಡೆದ. ಬೀದಿನಾಯಿ ನುಗ್ಗಿ ಸೊಪ್ಪಿನ ಪಾತಿ ಕೆದರುತ್ತದೆ ಎಂದು ಮಗಳು ಹೇಳಿದ್ದಳು. ಆ ಬೀದಿಗೆ ನಾಯಿ ಕಾಲಿಟ್ಟು ವರ್ಷವಾಗಿತ್ತು.

ಆರು ವಾರದಲ್ಲಿ ಅಪ್ಪ ಎರಡು ಸಲ ಮನೆಯಿಂದ ಹೊರಟು ದಾರಿ ತಪ್ಪಿದ್ದ. ಎರಡನೆಯ ಸಲ ಸಿಕ್ಕಿದ್ದು ರೈಲುಹಳಿಯ ಮೇಲೆ, ಕೈಯಲ್ಲಿ ಅಳತೆ ಟೇಪು. ಸೋಮವಾರದಿಂದ ಮಗಳು ಮತ್ತೆ ಹೊಲಿಗೆ ಕಾರ್ಖಾನೆಗೆ ಹೋಗಲೇಬೇಕು. ಹಿತ್ತಲಿಗೆ ಎತ್ತರದ ಗೋಡೆಯಿತ್ತು. ಮುಂದೆ ಏನೂ ಇರಲಿಲ್ಲ.

ಅವಳ ಹೆಸರು ಅಪ್ಪನಿಗೆ ಕೆಲವು ದಿನ ನೆನಪಾಗುತ್ತಿರಲಿಲ್ಲ. ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ಹಿಂದಿನ ದಿನ ನೆಟ್ಟ ಕಂಬಗಳು, ಕೂರಿಸಿದ ಗೇಟು ಗೆರೆ ಎಳೆದ ಹಾಗೆ ನಿಂತಿದ್ದವು. ಆದರೆ ಹನ್ನೊಂದಕ್ಕೆ ಚಹಾ ತಂದ ಮಗಳು ಹಲಗೆಗಳನ್ನು ನೋಡಿ ಕೂಗಿದಳು.

"ಅಪ್ಪಾ, ಉಲ್ಟಾ ಹೊಡ್ದಿದ್ದೀಯಲ್ಲ! ಹಲಗೆ ಹಿಡಿಯೋ ಅಡ್ಡಪಟ್ಟಿ ಬೀದಿ ಕಡೆ ಬಂದಿದೆ. ಚೆಂದದ ಮೈ ಬೀದಿಗೆ, ಪಟ್ಟಿ ಮನೆಗೆ ಅಂತ ನೀನೇ ಹೇಳ್ತಿದ್ದೆ."

"ಹೇಳ್ತಿದ್ದೆ."

"ಮತ್ತೆ? ನೋಡಿದವರು ನಗ್ತಾರೆ."

"ನಗ್ಲಿ ಬಿಡು, ಪುಕ್ಕಟೆ. ಪಟ್ಟಿ ಒಳಗಿದ್ರೆ ಕಾಲಿಟ್ಟು ಹತ್ತಬಹುದು."

"ನಾಯಿ ಬರೋದು ಹೊರಗಿಂದ ಅಲ್ವಾ?" ಕೇಳಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು.

ಅಪ್ಪ ತುಟಿಯಲ್ಲಿ ಹಿಡಿದಿದ್ದ ಮೊಳೆ ತೆಗೆದ. "ನಾಯಿ ಸುದ್ದಿ ಬಿಡು ಮಗಳೇ. ಇವತ್ತು ತಲೆ ನೆಟ್ಟಗಿದೆ. ಇರುವಾಗ್ಲೇ ಮುಗಿಸ್ತೀನಿ. ಆ ಚಿಲಕ ಎತ್ಕೊಡು."

ಕತ್ತಿನೆತ್ತರದ ಗೇಟಿನ ಹೊರಮೈಗೆ ಚಿಲಕ ಕೂರಿಸಿದ. ಒಳಗೆ ಬಂದು ಗೇಟು ಎಳೆದುಕೊಂಡು, ಮೇಲಿನಿಂದ ಕೈ ಇಳಿಬಿಟ್ಟ. ಬೆರಳ ತುದಿ ಚಿಲಕಕ್ಕೆ ತಗುಲಿತು. ತಲೆ ಕೊಡವಿ, ಹೊರಗೆ ಹೋಗಿ, ತಿರುಪು ಬಿಚ್ಚಿ, ನಾಲ್ಕು ಬೆರಳು ಕೆಳಗೆ ಮತ್ತೆ ಕೂರಿಸಿದ. ಒಳಗೆ ಬಂದು ತುದಿಗಾಲಲ್ಲಿ ನಿಂತು ಇನ್ನೊಮ್ಮೆ ಕೈ ಚಾಚಿದ. ಎಟುಕಲಿಲ್ಲ.

"ಈಗ ಸರಿ," ಎಂದ. ಮಗಳು ಆರಿಹೋದ ಚಹಾ ಹಿಡಿದು ನಿಂತೇ ಇದ್ದಳು.

ಮೂರಕ್ಕೆ ಅವಳು ಹೊರಗಿನಿಂದ ಚಿಲಕ ಹಾಕಿ ಅಂಗಡಿಗೆ ಹೋದಳು. ಐದಕ್ಕೆ ಮರಳಿದಾಗ ಅಪ್ಪ ಗೇಟಿನೊಳಗೆ ನಿಂತು ಹಲಗೆ ಅಲುಗಾಡಿಸುತ್ತಿದ್ದ.

"ಯಾರಮ್ಮಾ ನೀನು? ಈ ಮನೆಯವಳಾ? ಯಾವ ದಡ್ಡನ ಕೈಲಿ ಹಾಕಿಸಿದ್ದು ಇದನ್ನ? ಪಟ್ಟಿ ಬೀದಿ ಕಡೆ ಹೊಡೆದಿದಾನೆ!"

ಅವಳು ಉತ್ತರ ಹೇಳುವ ಮೊದಲೇ ಅವನು ಗೇಟಿನ ಮೇಲಿನಿಂದ ಕೈ ಇಳಿಬಿಟ್ಟು ಚಿಲಕಕ್ಕಾಗಿ ತಡಕಾಡಿದ. ಕೈ ನಾಲ್ಕು ಬೆರಳಿನಷ್ಟು ಸಾಲಲಿಲ್ಲ.