ನಾಲ್ಕು ಹೆಜ್ಜೆ ದೂರ

ಕೋಪನ್‌ಹೇಗನ್‌ಗೆ ಬಂದಿಳಿದು ಇನ್ನೂ ಒಂದು ದಿನವಾಗಿರಲಿಲ್ಲ. ವರ್ಷದ ಹಿಂದೆ ಆಫರ್‌ನಲ್ಲಿ ತೆಗೆದ ಟಿಕೆಟ್ಟು; ರದ್ದು ಮಾಡಿದರೆ ಚಿಕ್ಕಾಸೂ ವಾಪಸ್ ಬರುವಂತಿರಲಿಲ್ಲ. ಬೆಳಗ್ಗೆ ದಾವಣಗೆರೆಯಿಂದ ಅತ್ತೆಯ ವಿಡಿಯೊ ಕಾಲ್ ಬಂದಾಗ ವಿನುತಾ, ಪರದೆಯಲ್ಲಿ ತೊಟ್ಟಿಲು ಕಂಡದ್ದೇ, ಫೋನನ್ನು ಗಂಡನ ಕೈಗಿತ್ತು ಬಚ್ಚಲುಮನೆ ಸೇರಿಕೊಂಡಿದ್ದಳು.

ಊರು ತುಂಬ ಸೈಕಲ್ಲುಗಳು, ಆದರೂ ಒಂದು ಬೆಲ್ಲಿನ ಸದ್ದಿಲ್ಲ. ಕೆಫೆಯಲ್ಲಿ ಕಾಫಿಯ ಬೆಲೆ ಕಂಡು ಗಂಡ ಬಾಗಿಲಲ್ಲೇ ಹಿಂದಿರುಗಿದ. ಇಬ್ಬರೂ ಹೊರಗಿನ ಬೆಂಚಿನಲ್ಲೇ ಕೂತು, ಊರಿಂದ ತಂದ ಚಪಾತಿ, ಚಟ್ನಿಪುಡಿ ಬಿಚ್ಚಿದರು. ಕೆಫೆಯ ಗೋಡೆಗೆ ಒತ್ತಿ ನಿಲ್ಲಿಸಿದ್ದ ಮಕ್ಕಳ ತಳ್ಳುಗಾಡಿಯಲ್ಲಿ ಎಳೆಗೂಸೊಂದು ಅಳತೊಡಗಿತು. ಹತ್ತಿರ ಯಾರೂ ಇರಲಿಲ್ಲ.

“ರೀ, ಈ ಚಳೀಲಿ ಕೂಸನ್ನ ಹೊರಗೆ ಬಿಟ್ಟು ಹೋಗಿದ್ದಾರಲ್ರೀ!”

“ಇಲ್ಲಿನೋರು ಹೀಗೇ ಮಲಗಿಸ್ತಾರಂತೆ. ನಮಗ್ಯಾಕೆ ಊರ ಉಸಾಬರಿ? ತಿನ್ನು.”

ಅವಳು ಎದ್ದು, ಜರ್ಕಿನ್ನಿನ ಜಿಪ್ಪು ಬಿಚ್ಚಿ ಕೂಸನ್ನು ಎದೆಗೆ ಅವಚಿಕೊಂಡಳು. ಅಳು ನಿಂತಿತು.

ಕೆಫೆಯೊಳಗಿಂದ ಹೆಂಗಸೊಬ್ಬಳು ಓಡಿಬಂದಳು. ವಿನುತಾ ತನಗೆ ಬರುವಷ್ಟು ಇಂಗ್ಲಿಷಿನಲ್ಲೇ ಅವಳ ಮೇಲೆ ಹರಿಹಾಯ್ದಳು: “ಹೆತ್ತ ಕೂಸನ್ನ ಬಿಟ್ಟು ಹೋಗೋಕೆ ಮನಸ್ಸಾದ್ರೂ ಹೇಗೆ ಬಂತು ನಿಮಗೆ?”

“ಅಲ್ಲೇ ಇದ್ದೆನಲ್ಲ,” ಎಂದು ಆಕೆ ನಾಲ್ಕು ಹೆಜ್ಜೆ ಆಚೆಗಿನ ಕಿಟಕಿ ತೋರಿಸಿ, ಕೂಸನ್ನು ಈಸಿಕೊಂಡಳು. ಇನ್ನೇನೋ ಬಿರುಸಾಗಿ ಹೇಳಲು ಹೊರಟವಳು, ಹಾಲಿನಿಂದ ತೊಯ್ದು ಹೋಗಿದ್ದ ವಿನುತಾಳ ಎದೆ ಕಂಡು ದನಿ ತಗ್ಗಿಸಿದಳು.

“ನಿಮ್ಮ ಕೂಸು ಎಲ್ಲಿದೆ?”