ಗೀರು ಬೀಳದ ಹಿಡಿತ

"ಮುಟ್ಟಬೇಡಿ ಮಾವ!" ಸೊಸೆ ಟ್ರಂಪೆಟ್ಟನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಮಾವನ ಕೈಯಲ್ಲಿ ಮೊಳದುದ್ದದ ಪೈಪ್ ರೆಂಚು ಇತ್ತು.

ಕಾರ್ಯಕ್ರಮಕ್ಕೆ ಇನ್ನು ಒಂದೂವರೆ ಗಂಟೆ. ವಾದ್ಯತಂಡದ ಮುಂದೆ ನಿಂತು ಅವಳೊಬ್ಬಳೇ ನುಡಿಸುವುದು ಇದೇ ಮೊದಲು. ಈಗ ನೋಡಿದರೆ ಟ್ರಂಪೆಟ್ಟಿನ ಮೂರು ಗುಂಡಿಗಳಲ್ಲಿ ನಡುವಿನದು ಒತ್ತಿದರೆ ಒತ್ತಿದಲ್ಲೇ ಕೂತುಬಿಡುತ್ತಿದೆ. ಎಣ್ಣೆ ಬಿಡಬೇಕೆಂದರೆ ಅದರ ದುಂಡು ಮುಚ್ಚಳ ಬಿಚ್ಚಬೇಕು. ಮುಚ್ಚಳವೋ ಜಪ್ಪಯ್ಯ ಅಂದರೂ ಅಲುಗದು. ಆ ವಾದ್ಯ ತಂಡದ ಸ್ವತ್ತು, ಮೈಯೆಲ್ಲ ಬೆಳ್ಳಿಯ ಲೇಪ. ಒಂದು ಗೀರು ಬಿದ್ದರೂ ಇನ್ನೊಮ್ಮೆ ಕೈಗೆ ಕೊಡುವುದಿಲ್ಲ ಎಂದಿದ್ದರು.

"ಮೂವತ್ತು ವರ್ಷ ನಲ್ಲಿ ಬಿಚ್ಚಿದ ಕೈ ಇದು," ಎಂದರು ಮಾವ.

"ಅದಕ್ಕೇ ಹೆದರಿಕೆ," ಒಳಗಿನಿಂದ ಅತ್ತೆಯ ದನಿ. "ನಿಮ್ಮ ಕೈಗೆ ಕೊಟ್ರೆ ಅದರಲ್ಲಿ ನೀರು ಬರುತ್ತೆ, ಹಾಡು ಬರಲ್ಲ."

ಮಾವನಿಗೆ ರೋಷ ಬಂತು. ಸಾಮಾನಿನ ಚೀಲ ನೆಲಕ್ಕೆ ಸುರಿದರು. ಅಡುಗೆಮನೆಯಿಂದ ಥಳಥಳ ಹೊಳೆಯುವ ಸ್ಟೀಲ್ ಡಬ್ಬಿಯ ಮುಚ್ಚಳ ತಂದು ಒಂದೊಂದೇ ಇಕ್ಕಳ ಹಚ್ಚಿ ನೋಡಿದರು. ಮೊದಲನೆಯದು ಕಚ್ಚಿ ಹಲ್ಲಿನ ಗುರುತು ಬಿಟ್ಟಿತು. ಎರಡನೆಯದು ಬೆಕ್ಕಿನಂತೆ ಪರಚಿತು. ಹೊಸ ನಲ್ಲಿಗಳಿಗೆಂದೇ ಇಟ್ಟುಕೊಂಡಿದ್ದ ಹಲ್ಲಿಲ್ಲದ, ಅಗಲ ಬಾಯಿಯ ಇಕ್ಕಳ ಕೂಡ ಕೂದಲೆಳೆಯಷ್ಟು ಗೆರೆ ಎಳೆಯಿತು. ಬಟ್ಟೆ ಸುತ್ತಿದರೆ ಜಾರಿತು.

"ಅಯ್ಯೋ, ನನ್ನ ಡಬ್ಬಿ!" ಅತ್ತೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

ಅದನ್ನು ನೋಡಿ ಮಾವನ ಕೈಯೂ ತಮ್ಮ ಸೊಂಟಕ್ಕೆ ಹೋಯಿತು. ಸರ್ರನೆ ಬೆಲ್ಟು ಎಳೆದು ಎರಡು ತುಂಡು ಕತ್ತರಿಸಿದರು. ಹಲ್ಲಿಲ್ಲದ ಇಕ್ಕಳದ ಬಾಯಿಗೆ ಆ ತೊಗಲು ಕೊಟ್ಟು ಡಬ್ಬಿಯ ಮುಚ್ಚಳ ತಿರುವಿದರು. ಜಾರಲಿಲ್ಲ, ಗೆರೆಯೂ ಇಲ್ಲ.

"ಈಗ ತಾರಮ್ಮ."

ಸೊಸೆ ಕೊಡಲಿಲ್ಲ, ತಾನೇ ಹಿಡಿದು ಕೂತಳು. "ಜೋರಾಗಿ ಅದುಮಬೇಡಿ ಮಾವ. ಚಪ್ಪಟೆ ಆದ್ರೆ ಮುಗೀತು ಕಥೆ."

ಮಾವ ಉಸಿರು ಬಿಗಿಹಿಡಿದರು. ಜನ್ಮದಲ್ಲಿ ಅವರು ಏನನ್ನೂ ಇಷ್ಟು ಮೆಲ್ಲಗೆ ಹಿಡಿದವರಲ್ಲ. ಹಣೆಯ ಬೆವರು ಮೂಗಿನ ತುದಿಗೆ ಬಂತು. ಟಕ್! ಮುಚ್ಚಳ ತಿರುಗಿತು. ಸೊಸೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸುತ್ತ ನೋಡಿದಳು. ಆಮೇಲೆ ಮಾವನ ಒರಟು ಕೈಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡಳು.

ಸಂಜೆ ಸಭಾಂಗಣದಲ್ಲಿ ಅವಳ ಕೊನೆಯ ಸ್ವರ ನಿಂತಿತು. ಮರುಗಳಿಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ. ಮಾವನೂ ಎದ್ದರು. ಕಣ್ಣು ತುಂಬಿತ್ತು. ಆದರೆ ಎರಡೂ ಕೈ ಸೊಂಟ ಬಿಟ್ಟು ಮೇಲೇಳಲಿಲ್ಲ. ಉಳಿದಿದ್ದ ಬೆಲ್ಟು ಹೊಟ್ಟೆ ಸುತ್ತಿ ಬರಲು ನಾಲ್ಕು ಬೆರಳು ಸಾಲದಾಗಿತ್ತು.

"ಚಪ್ಪಾಳೆ ತಟ್ಟಿ! ಸೊಸೆ ಈ ಕಡೆ ನೋಡ್ತಿದ್ದಾಳೆ," ಅತ್ತೆ ತಿವಿದರು.

"ತಟ್ಟಿದ್ರೆ ಊರೇ ಈ ಕಡೆ ನೋಡುತ್ತೆ ಕಣೇ," ಎಂದರು ಮಾವ.